ಸುತ್ತು ದಾರಿಯ ಕಾಣೆಯಾದ ತುಂಡು: ಬ್ರಿಟನ್ನಿನ ಪರಿಸರ ಸಚಿವರಿಗೆ ಬಹಿರಂಗ ಪತ್ರ

ಪರಿಸರ, ಆಹಾರ ಮತ್ತು ಗ್ರಾಮೀಣ ವ್ಯವಹಾರಗಳ ಸಚಿವರಿಗೆ,

ಮಾನ್ಯರೇ, ನಮಸ್ಕಾರ.

2024ರ ಡಿಸೆಂಬರ್‌ನಲ್ಲಿ ನಿಮ್ಮ ಸರ್ಕಾರ ಒಂದು ಮಾತು ಕೊಟ್ಟಿತು. ಅಧಿಕೃತ ನಕ್ಷೆಗೆ ಇನ್ನೂ ಸೇರದ ಹಳೆಯ ಕಾಲುದಾರಿಗಳ ಮೇಲಿನ ಜನರ ಹಕ್ಕು 2031ಕ್ಕೆ ಮುಗಿದುಹೋಗಬೇಕು ಎಂಬ ನಿಯಮವನ್ನು ಇಂಗ್ಲೆಂಡಿನಲ್ಲಿ ತೆಗೆದುಹಾಕುತ್ತೇವೆ ಎಂದಿತು. ಆ ಮಾತು ಬರೀ ಪ್ರಕಟಣೆಯಾಗಿ ಉಳಿಯಬಾರದು, ಕಾನೂನಾಗಿ ಜಾರಿಗೆ ಬರಬೇಕು ಎಂದು ಕೇಳಲು ಈ ಪತ್ರ.

ಇಂಗ್ಲಿಷ್ ಪ್ರತಿ ನಿಮ್ಮ ಕಚೇರಿಗೆ ಬರುತ್ತದೆ. ಕನ್ನಡದಲ್ಲೂ ಬರೆಯಲು ಕಾರಣವಿದೆ. ಮ್ಯಾಂಚೆಸ್ಟರ್, ಶೆಫೀಲ್ಡ್ ಕಡೆ ಇರುವ ನಮ್ಮಂಥ ಎಷ್ಟೋ ಕನ್ನಡದ ಮನೆಗಳಿಗೆ ಶನಿವಾರದ ನಡಿಗೆ ಈಗ ಅಭ್ಯಾಸವಾಗಿದೆ. ಅವರೂ ಇದನ್ನು ಓದಲಿ, ತಮ್ಮ ಎಂಪಿಗೆ ಬರೆಯಲಿ ಎಂಬ ಆಸೆ.

ಯಾವ ನಡಿಗೆಯ ಮಾತು ಹೇಳುತ್ತಿದ್ದೇನೆ ಎಂದು ತಿಳಿಯಲು ಡಾರ್ಬಿಷೈರಿನ ಎಡೇಲ್‌ಗೆ ಒಮ್ಮೆ ಬನ್ನಿ. ಕಾರು ಬೇಡ. ಮ್ಯಾಂಚೆಸ್ಟರ್‌ನಿಂದ ಶೆಫೀಲ್ಡ್‌ಗೆ ಹೋಗುವ ನಿಧಾನದ ರೈಲು ಅಲ್ಲೇ ನಿಲ್ಲುತ್ತದೆ. ಸ್ಟೇಷನ್ನಿನಿಂದ ಊರೊಳಗೆ ನಡೆದರೆ ಓಲ್ಡ್ ನ್ಯಾಗ್ಸ್ ಹೆಡ್ ಎಂಬ ಪಬ್ಬು. 1577ರಲ್ಲಿ ಕಟ್ಟಿದ್ದು ಎನ್ನುತ್ತಾರೆ. 1965ರಲ್ಲಿ ಶುರುವಾದ ಪೆನೈನ್ ವೇ, ಅಂದರೆ ಸ್ಕಾಟ್ಲೆಂಡಿನ ಕರ್ಕ್ ಯೆಥೋಮ್ ತನಕ 268 ಮೈಲಿ ಹೋಗುವ ಕಾಲುದಾರಿ, ಹೊರಡುವುದು ಇಲ್ಲಿಂದಲೇ. ನಮಗೆ 268 ಮೈಲಿ ಬೇಕಾಗಿಲ್ಲ. ಅದರ ಮೊದಲ ತುಂಡು ಸಾಕು. ಹೊಲಗಳ ಮೇಲೆ ಅಪ್ಪರ್ ಬೂತ್‌ವರೆಗೆ ಹೋಗಿ, ಬಾರ್ಬರ್ ಬೂತ್‌ಗೆ ಇಳಿದು, ಮತ್ತೆ ಹೊಲಗಳಲ್ಲೇ ಪಬ್ಬಿಗೆ ವಾಪಸ್. ಹೀಗೆ ಹೊರಟಲ್ಲಿಗೇ ಬಂದು ಸೇರುವುದೇ ಸುತ್ತು ದಾರಿ. ಅರ್ಧ ದಿನವೂ ಬೇಡ. ಕಾಲಲ್ಲಿ ಕಸುವಿದ್ದವರು ಜೇಕಬ್ಸ್ ಲ್ಯಾಡರ್ ಎಂಬ ಕಲ್ಲುಮೆಟ್ಟಿಲು ಹತ್ತಿ 636 ಮೀಟರ್ ಎತ್ತರದ ಕಿಂಡರ್ ಸ್ಕೌಟ್ ಗುಡ್ಡದ ಕಡೆ ಹೋಗಬಹುದು. ನನ್ನನ್ನು ಕೇಳಿದರೆ, ಚೆಂದ ಇರುವುದು ಕೆಳಗಿನ ಹೊಲಗಳಲ್ಲೇ.

ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಪೇರಿಸಿದ ಗೋಡೆಗಳು. ಗೋಡೆಯ ಆಚೆ ಕುರಿ, ಈಚೆ ಕುರಿ. ಹುಲ್ಲುಗಾವಲಿನ ನಡುವೆ ಹಾಸಿದ ಕಲ್ಲುಚಪ್ಪಡಿ, ಜನ ದಾರಿ ಬಿಟ್ಟು ಹುಲ್ಲು ತುಳಿಯದಿರಲಿ ಎಂದು. ಏಪ್ರಿಲ್‌ನಲ್ಲಿ ಮರಿಗಳು ತಾಯಿಯ ಹಿಂದೆ ಓಡುತ್ತಿರುತ್ತವೆ, ನಾಯಿ ಕರೆದುಕೊಂಡು ಬಂದವರು ಹಗ್ಗ ಬಿಗಿಹಿಡಿದಿರುತ್ತಾರೆ. ಕಂಬದ ಮೇಲೆ ಹಳದಿ ಬಾಣದ ಗುರುತು. ದಾರಿ ಕೆಲವು ಕಡೆ ನೇರವಾಗಿ ರೈತನ ಅಂಗಳದೊಳಗೇ ನುಗ್ಗುತ್ತದೆ! ಟ್ರ್ಯಾಕ್ಟರ್ ಪಕ್ಕದಲ್ಲಿ, ಒಣಹಾಕಿದ ಬಟ್ಟೆ ಪಕ್ಕದಲ್ಲಿ ನಾವು ನಡೆದುಹೋಗುತ್ತೇವೆ. ಯಾರೂ "ಯಾರ್ರೀ ನೀವು" ಅನ್ನುವುದಿಲ್ಲ. ಜಮೀನು ಅವರದ್ದು, ನಡೆಯುವ ಹಕ್ಕು ಎಲ್ಲರದ್ದು. ನಮ್ಮೂರಲ್ಲಿ ಹಳ್ಳಿ ನಕಾಶೆಯಲ್ಲಿ ಬಂಡಿದಾರಿ ಬರೆದಿದ್ದರೂ ಅದನ್ನು ಬಿಡಿಸಿಕೊಳ್ಳಲು ತಾಲ್ಲೂಕು ಕಚೇರಿಗೆ ಅಲೆಯುವವರನ್ನು ನೋಡಿದ ನನಗೆ ಇದು ಈಗಲೂ ಸೋಜಿಗ.

ನಡೆದು ಬಂದವರಿಗೆ ಪಬ್ಬೂ ಬೇಕು, ಪಬ್ಬಿಗೆ ನಡೆದು ಬಂದವರೂ ಬೇಕು. ಕೆಸರಿನ ಬೂಟು, ಒದ್ದೆ ಜಾಕೆಟ್, ಮೇಜಿನ ಕೆಳಗೆ ಮಲಗಿದ ನಾಯಿ. ನಮ್ಮ ಚಿತ್ರಾನ್ನದ ಡಬ್ಬಿ ಗುಡ್ಡದ ಮೇಲೇ ಖಾಲಿಯಾಗಿರುತ್ತದೆ (ಪಬ್ಬೊಳಗೆ ಅದನ್ನು ತೆಗೆಯಬೇಡಿ, ಮರ್ಯಾದೆ ಅಲ್ಲ). ಸಸ್ಯಾಹಾರಿಗಳಿಗೆ ಚಿಪ್ಸು, ಸೂಪು ಸಿಗುತ್ತದೆ. ಹಳ್ಳಿ ಪಬ್ಬುಗಳು ಒಂದೊಂದಾಗಿ ಬಾಗಿಲು ಹಾಕುತ್ತಿರುವ ಕಾಲದಲ್ಲಿ ಮಧ್ಯಾಹ್ನ ಮೂರಕ್ಕೆ ಹಸಿದುಕೊಂಡು ಬರುವ ಗಿರಾಕಿ ಸುಮ್ನೆ ಅಲ್ಲ.

ಎಡೇಲ್‌ಗೆ ಹೆಸರಿದೆ, ದಾರಿಗಳೆಲ್ಲ ನಕ್ಷೆಯಲ್ಲಿವೆ. ಹೆಸರಿಲ್ಲದ ಹಳ್ಳಿಗಳ ಕಥೆ ಬೇರೆ. ಹೊಲದ ಮೇಲೆ ಚೆನ್ನಾಗಿ ಹೊರಟ ದಾರಿ ಊರಿನ ಗಡಿಗೆ ಬಂದು ನಿಂತುಬಿಡುತ್ತದೆ. ಆಚೆಯ ದಾರಿ ಮುಂದಿನ ಬೇಲಿಯಿಂದ ಶುರು. ನಡುವೆ ಇನ್ನೂರು ಮೀಟರ್ ನಕ್ಷೆಯಲ್ಲಿಲ್ಲ. ಬಳೆ ಒಂದು ಕಡೆ ಒಡೆದರೆ ಸಾಕಲ್ವಾ, ಅದು ಬಳೆಯಲ್ಲ. ಆಗ ನಡೆಯುವವನು ಡಾಂಬರು ರಸ್ತೆಗೆ ಇಳಿಯಬೇಕು. ಎರಡೂ ಕಡೆ ಎತ್ತರದ ಬೇಲಿ, ಫುಟ್‌ಪಾತ್ ಇಲ್ಲ, ಕಾರಿಗೆ ಗಂಟೆಗೆ 60 ಮೈಲಿ ವೇಗಕ್ಕೆ ಅನುಮತಿ. ಮಕ್ಕಳನ್ನು ಕರೆದುಕೊಂಡು ಅಲ್ಲಿ ಯಾರು ನಡೆಯುತ್ತಾರೆ? ಆ ಸುತ್ತನ್ನೇ ಬಿಡುತ್ತಾರೆ. ಎಲ್ಲರೂ ಮತ್ತೆ ಎಡೇಲ್‌ಗೇ ಬಂದು ತುಂಬುತ್ತಾರೆ.

ಆ ಇನ್ನೂರು ಮೀಟರ್ ಹೇಗೆ ತಪ್ಪಿತು ಎಂಬುದು ನಿಮ್ಮ ಇಲಾಖೆಗೆ ಗೊತ್ತು. 1949ರ ಕಾನೂನು ದಾರಿಗಳ ಅಧಿಕೃತ ನಕ್ಷೆ ಮಾಡಿ ಎಂದಿತು. ಯಾವ ದಾರಿಗಳಿವೆ ಎಂದು ಹಳ್ಳಿ ಹಳ್ಳಿಯ, ನಮ್ಮ ಪಂಚಾಯಿತಿಯಂಥ, ಪ್ಯಾರಿಷ್‌ನವರು ಬರೆದುಕೊಟ್ಟರು. ಒಂದು ಊರಿನವರು ಶ್ರದ್ಧೆಯಿಂದ ಬರೆದರು, ಪಕ್ಕದೂರಿನವರು ಬಿಟ್ಟರು. ಆಮೇಲೆ 2000ದ ಕಾನೂನು ಬಂತು. ಬೆಟ್ಟ, ಬಯಲುಗಳಲ್ಲಿ ಓಡಾಡುವ ಹಕ್ಕು ಕೊಟ್ಟದ್ದು ಅದೇ, ಹಳೆಯ ದಾರಿಗಳಿಗೆ 2026ರ ಗಡುವು ಇಟ್ಟದ್ದೂ ಅದೇ. 2022ರಲ್ಲಿ ಗಡುವು ಬೇಡ ಎಂದರು. 2023ರಲ್ಲಿ ಬೇಕು ಎಂದು 2031ಕ್ಕೆ ತಳ್ಳಿದರು. 2024ರಲ್ಲಿ ನೀವು ಮತ್ತೆ ಬೇಡ ಎಂದಿರಿ. ಸರ್ಕಾರ ಬದಲಾದ ಹಾಗೆ ಬದಲಾಗುವ ಮಾತನ್ನು ನಂಬಿಕೊಂಡು ಹಳೇ ದಾಖಲೆ ಹುಡುಕುವವರು ಹೇಗೆ ಕೆಲಸ ಮಾಡಬೇಕು?

ಹುಡುಕುವವರು ಯಾರು ಗೊತ್ತೇ? ಸಂಬಳವಿಲ್ಲದ ಸ್ವಯಂಸೇವಕರು. ರ‍್ಯಾಂಬ್ಲರ್ಸ್ ಎಂಬ ನಡಿಗೆಗಾರರ ಸಂಘದ ಜೊತೆ ಸೇರಿ ಇಂಥವರು ಹಳೆಯ ಮತ್ತು ಹೊಸ ನಕ್ಷೆಗಳನ್ನು ಹೋಲಿಸಿ ನೋಡಿದರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಕ್ಷೆಯಿಂದ ಬಿಟ್ಟುಹೋಗಿರಬಹುದಾದ 49,000 ಮೈಲಿಗೂ ಹೆಚ್ಚು ದಾರಿ ಅವರಿಗೆ ಸಿಕ್ಕಿತು. ಎಲ್ಲವೂ ನಿಜವಾದ ಹಕ್ಕಿನ ದಾರಿ ಎಂದಲ್ಲ. ಒಂದೊಂದನ್ನೂ ಹಳೆಯ ತೆರಿಗೆ ನಕ್ಷೆ, ಜಮೀನು ಹಂಚಿಕೆಯ ಕಾಗದ ತೋರಿಸಿ ಸಾಬೀತು ಮಾಡಬೇಕು. ಅರ್ಜಿ ಹಾಕಿದ ಮೇಲೆ ವರ್ಷಗಟ್ಟಲೆ ಸಾಲಿನಲ್ಲಿ ಕಾಯಬೇಕು. ಇದಕ್ಕೆ ಗಡುವು ಇಟ್ಟರೆ ತನ್ನಿಂದ ಆಗದ ಕೆಲಸಕ್ಕೆ ಸರ್ಕಾರ ಜನರಿಗೆ ದಂಡ ಹಾಕಿದ ಹಾಗೆ.

ರೈತರ ಕಡೆಯೂ ನೋಡಬೇಕು. ಅವರು ಹಳ್ಳಿಯ ಖಳನಾಯಕರಲ್ಲ. ಗುಡ್ಡದ ಕುರಿ ಸಾಕಣೆಯಲ್ಲಿ ದುಡ್ಡು ಕಮ್ಮಿ, ಮಳೆ ಜಾಸ್ತಿ. ಗೇಟು ಹಾಕದೆ ಹೋದ ಒಬ್ಬನಿಂದ ಎರಡು ಮಂದೆ ಬೆರೆತುಹೋಗುತ್ತವೆ. ಬಿಟ್ಟ ನಾಯಿ ಅಟ್ಟಿಸಿಕೊಂಡು ಬಂದರೆ ಗಬ್ಬದ ಕುರಿಯ ಗರ್ಭ ಇಳಿದುಹೋಗಬಹುದು. ದಾರಿಯ ಮೇಲಿನ ಗೇಟು, ತಡಮೆ (ಬೇಲಿ, ಗೋಡೆ ದಾಟಲು ಇಟ್ಟ ಮೆಟ್ಟಿಲು) ರಿಪೇರಿ ಮಾಡುವುದು ಜಮೀನುದಾರನ ಹೊಣೆ; ಖರ್ಚಿನಲ್ಲಿ ಕಾಲು ಭಾಗವನ್ನಾದರೂ ಸ್ಥಳೀಯ ಸಂಸ್ಥೆ ಕೊಡಬೇಕು. ಉಳಿದದ್ದು ರೈತನ ಜೇಬಿನಿಂದ. ಮೊದಲು ಸಹಾಯಧನ ಬೇಕಾದರೆ ದಾರಿ ತೆರೆದಿಡಲೇಬೇಕು ಎಂಬ ಷರತ್ತಿತ್ತು. 2023ರ ಕೊನೆಗೆ ಅದೂ ಹೋಯಿತು. ಕೋಲು ತೆಗೆದಿರಿ, ಸರಿ. ಬದಲಿಗೆ ದುಡ್ಡು ಇಡಿ. ರಾಷ್ಟ್ರೀಯ ಉದ್ಯಾನಗಳಂಥ ರಕ್ಷಿತ ಪ್ರದೇಶಗಳ ರೈತರಿಗೆ 2021ರಿಂದ ಇರುವ ಯೋಜನೆಯಲ್ಲಿ ಇಂಥ ಕೆಲಸಕ್ಕೆ ಹಣ ಸಿಗುತ್ತದೆ. ಅದು ಆಚೆಯ ಹಳ್ಳಿಗಳಿಗೂ ಬರಲಿ.

ಹಣ ಇಟ್ಟರೆ ಮೊದಲು ತಡಮೆಗಳನ್ನು ತೆಗೆದು ಗೇಟು ಹಾಕಿಸಿ. ಬೇಸಿಗೆಗೆ ಊರಿಂದ ಅಪ್ಪ, ಅಮ್ಮ ಬರುತ್ತಾರೆ. ಎಪ್ಪತ್ತು ದಾಟಿದ ಮಂಡಿ, ಅಮ್ಮನ ಸೀರೆ, ನಿಮ್ಮ ಎತ್ತರದ ಮೆಟ್ಟಿಲು! ಸಪಾಟು ಹೊಲದಲ್ಲಿ ಎರಡು ಮೈಲಿ ಆರಾಮಾಗಿ ನಡೆಯುವವರು ಒಂದು ತಡಮೆಯ ಮುಂದೆ ಸೋತು ನಿಲ್ಲುತ್ತಾರೆ. ಇಲ್ಲಿಯ ಹಿರಿಯರದ್ದೂ ಇದೇ ಪಾಡು.

ನೀವು ಕೂತ ಕುರ್ಚಿಗೆ ಎಡೇಲ್ ಹೊಸದೇನಲ್ಲ. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಕಡೆಯ ದುಡಿಯುವ ಹುಡುಗರು ಹೇಫೀಲ್ಡ್‌ನಿಂದ, ಶೆಫೀಲ್ಡ್ ಕಡೆಯವರು ಎಡೇಲ್‌ನಿಂದ ಕಿಂಡರ್ ಹತ್ತಿದರು. ಅದು ಆಗ ಶ್ರೀಮಂತರು ಹಕ್ಕಿ ಬೇಟೆಗೆ ಇಟ್ಟುಕೊಂಡಿದ್ದ ಜಾಗ. ಬೆನ್ನಿ ರಾತ್‌ಮನ್ ಎಂಬ ಮುಂದಾಳು ಸೇರಿ ಐದು ಜನ ಜೈಲಿಗೆ ಹೋದರು. 1951ರಲ್ಲಿ ಅದೇ ಗುಡ್ಡಗಳು ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನದೊಳಗೆ ಸೇರಿದವು. ಈಗ ಯಾರೂ ಜೈಲಿಗೆ ಹೋಗಬೇಕಿಲ್ಲ. ಪಾರ್ಲಿಮೆಂಟಿನಲ್ಲಿ ನಿಮ್ಮವರು ಕೈ ಎತ್ತಿದರೆ ಸಾಕು.

"ಸಮಯ ಸಿಕ್ಕಾಗ" ಎಂಬ ಉತ್ತರ ಬೇಡ. ಗಡುವು ತೆಗೆಯುವ ಕಲಮು ಯಾವ ಮಸೂದೆಯಲ್ಲಿ ಬರುತ್ತದೆ, ಯಾವತ್ತಿನಿಂದ ಜಾರಿ, ಗೇಟುಗಳಿಗೆ ಎಷ್ಟು ಹಣ, ಇಷ್ಟು ಹೇಳಿ. ಉತ್ತರ ಇಂಗ್ಲಿಷಿನಲ್ಲೇ ಇರಲಿ, ಪರವಾಗಿಲ್ಲ. ಕನ್ನಡಕ್ಕೆ ನಾನೇ ತಂದು ಇಲ್ಲಿ ಹಾಕುತ್ತೇನೆ.

ಇಂತಿ,
ಮ್ಯಾಂಚೆಸ್ಟರ್‌ನಲ್ಲಿರುವ ಒಬ್ಬ ಕನ್ನಡಿಗ