ನಿನ್ನ ಮೈಗೆ ಉಪ್ಪು ಒಗ್ಗುತ್ತದೆಯೇ?

ಪ್ರೀತಿಯ ಪುಟ್ಟ,

ನಿನ್ನ ಕಾಗದ ಬಂತು. ಬಿಪಿ 150 ದಾಟಿದೆ, ಡಾಕ್ಟರು ಮಾತ್ರೆ ಶುರು ಮಾಡಿದ್ದಾರೆ, ಉಪ್ಪು ಕಡಿಮೆ ಮಾಡು ಅಂದಿದ್ದಾರೆ ಅಂತ ಬರೆದಿದ್ದೀಯ. "ಉಪ್ಪಿಂದ ಎಲ್ಲರಿಗೂ ಬಿಪಿ ಏರಲ್ಲವಂತೆ ದೊಡ್ಡಪ್ಪ, ನನಗೆ ಏರುತ್ತೋ ಇಲ್ವೋ ಯಾವ ಟೆಸ್ಟಲ್ಲಿ ಗೊತ್ತಾಗುತ್ತೆ?" ಅಂತ ಕೇಳಿದ್ದೀಯ. ಒಳ್ಳೆ ಪ್ರಶ್ನೆಯೇ. ಉಪ್ಪು ಬಿಡದಿರಲು ನೆಪ ಹುಡುಕುತ್ತಿದ್ದೀಯೇನೋ ಅಂತ ಸಣ್ಣ ಅನುಮಾನವೂ ಬಂತು, ಇರಲಿ.

ಬೆಳಿಗ್ಗೆ ರಕ್ತ ಕೊಟ್ಟು ಸಂಜೆ ರಿಪೋರ್ಟ್ ತರುವಂಥ ಟೆಸ್ಟ್ ಇದಕ್ಕಿಲ್ಲ. ಸಂಶೋಧಕರು ಮಾಡುವ ಪರೀಕ್ಷೆ ಇದೆ. 1986ರಲ್ಲಿ ಅಮೆರಿಕದ ವೈನ್‌ಬರ್ಗರ್ ಎಂಬ ವೈದ್ಯರ ತಂಡ ಪ್ರಕಟಿಸಿದ್ದು. ಮೊದಲ ದಿನ 4 ಗಂಟೆಯಲ್ಲಿ 2 ಲೀಟರ್ ಸಲೈನ್, ಅಂದರೆ ಉಪ್ಪುನೀರು, ಏರಿಸುತ್ತಾರೆ. ಮಾರನೆಯ ದಿನ ಉಪ್ಪು ಇಲ್ಲವೆನ್ನುವಷ್ಟು ಕಡಿಮೆ ಇರುವ ಊಟ, ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆ. ಆಗ ಸರಾಸರಿ ಒತ್ತಡ 10 ಅಂಕ ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಅದು ಉಪ್ಪಿಗೆ ಸೂಕ್ಷ್ಮವಾದ ಮೈ. ಬಿಪಿ ಇದ್ದವರಲ್ಲಿ ಸುಮಾರು ಅರ್ಧ ಜನ, ಇಲ್ಲದವರಲ್ಲಿ ಕಾಲು ಭಾಗ ಜನ ಹಾಗೆ ಕಂಡರು. ಆದರೆ ಈ 10 ಎಂಬ ಗೆರೆ ಮನುಷ್ಯರು ಎಳೆದದ್ದು. 9 ಇಳಿದವನಿಗೆ ಉಪ್ಪು ಏನೂ ಮಾಡುವುದಿಲ್ಲ ಅಂತಲ್ಲ, ಅಲ್ವಾ?

ತಿಂದ ಉಪ್ಪನ್ನು ಹೊರಹಾಕುವುದು ಕಿಡ್ನಿಯ ಕೆಲಸ. ಕೆಲವರ ಕಿಡ್ನಿ ಸಲೀಸಾಗಿ ಹಾಕುತ್ತದೆ. ಕೆಲವರಲ್ಲಿ ಒತ್ತಡ ಏರಿದರೇನೇ ಅಷ್ಟು ಉಪ್ಪು ಹೊರಬೀಳುವುದು. ವಯಸ್ಸಾದವರು, ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆ, ಬೊಜ್ಜು ಇರುವವರು ಈ ಎರಡನೇ ಗುಂಪಿನಲ್ಲಿ ಜಾಸ್ತಿ. ನಿದ್ದೆಯಲ್ಲಿ ಬಿಪಿ ಇಳಿಯಬೇಕಾದಷ್ಟು ಇಳಿಯದಿದ್ದರೆ ಅದೂ ಒಂದು ಸುಳಿವು.

ನಮ್ಮನೆ ಕಥೆ ಕೇಳು. ನಿನ್ನ ದೊಡ್ಡಮ್ಮನಿಗೂ ನನಗೂ ಬಿಪಿ, ಊಟ ಒಂದೇ ಪಾತ್ರೆಯದು. ಉಪ್ಪು ಇಳಿಸಿದಾಗ ನನ್ನದು ಇಳಿಯಿತು, ಅವಳದು ಅಲ್ಲಾಡಲಿಲ್ಲ. ನಾನು ಬೀಗಿದೆ. ಆಮೇಲೆ ನೆನಪಾಯಿತು, ಅದೇ ವಾರ ಡಾಕ್ಟರು ನನ್ನ ಮಾತ್ರೆಯನ್ನೂ ಬದಲಿಸಿದ್ದರು! ಯಾವುದರಿಂದ ಇಳಿಯಿತು ಅಂತ ಹೇಳುವುದು ಹೇಗೆ? ಮಾತ್ರೆ ಬದಲಾಗದೆ ಇದ್ದಾಗ ಇನ್ನೊಮ್ಮೆ ನೋಡಬೇಕಾಯಿತು.

ನೀನು ಆ ತಪ್ಪು ಮಾಡಬೇಡ. ಡಾಕ್ಟರಿಗೆ ಹೇಳಿ, ಮಾತ್ರೆ ಬದಲಾಗದ ಎರಡು ವಾರ ಆರಿಸಿಕೊ. ಮೊದಲ ವಾರ ಎಂದಿನ ಊಟ. ಎರಡನೇ ವಾರ ಉಪ್ಪು ಚೆನ್ನಾಗಿ ಇಳಿಸು. ಪರೀಕ್ಷೆಗೆಂದು ಉಪ್ಪು ಜಾಸ್ತಿ ತಿನ್ನುವ ಸಾಹಸ ಬೇಡ, ಮಾತ್ರೆ ನಿಲ್ಲಿಸಲೇಬೇಡ. ಬೆಳಿಗ್ಗೆ, ಸಂಜೆ ಐದು ನಿಮಿಷ ಸುಮ್ನೆ ಕೂತು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ ಬರೆದಿಡು. ಒಂದು ದಿನದ ಅಂಕಿ ಹಿಡಿದು ಕುಣಿಯಬೇಡ, ವಾರದ ಸರಾಸರಿ ನೋಡು. ತಲೆ ಸುತ್ತಿದರೆ ಡಾಕ್ಟರಿಗೆ ಫೋನ್ ಮಾಡು.

ಒಂದು ವಾರ ಸಾಕಾ ಅಂತ ಕೇಳುತ್ತೀಯ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 50ರಿಂದ 75 ವಯಸ್ಸಿನ 213 ಜನ ಒಂದು ವಾರ ಜಾಸ್ತಿ ಉಪ್ಪು, ಒಂದು ವಾರ ಕಡಿಮೆ ಉಪ್ಪು ತಿಂದರು. ಕಡಿಮೆ ಉಪ್ಪಿನ ವಾರದಲ್ಲಿ ಮುಕ್ಕಾಲು ಪಾಲು ಜನರ ಬಿಪಿ ಇಳಿಯಿತು. ಮಾತ್ರೆ ತಿನ್ನುತ್ತಿದ್ದವರಲ್ಲೂ ಇಳಿಯಿತು.

ಇನ್ನೊಂದು ವಿಷಯ. "ಉಪ್ಪು ಬಿಟ್ಟೆ" ಅನ್ನುವವರು ನಿಜವಾಗಿ ಬಿಟ್ಟಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ. ಬ್ರೆಡ್ಡು, ಸಾಸು, ಪ್ಯಾಕೆಟ್ ತಿನಿಸಿನಲ್ಲಿ ಅಡಗಿದ್ದೂ ಇದರಲ್ಲೇ ಸೇರಿತು. ಬಿಪಿ ಇಳಿಯದಿದ್ದರೆ 24 ಗಂಟೆಯ ಮೂತ್ರದಲ್ಲಿ ಸೋಡಿಯಂ ನೋಡಿಸಲು ಡಾಕ್ಟರನ್ನು ಕೇಳು. ಉಪ್ಪು ಇಳಿದಿತ್ತೋ ಇಲ್ಲವೋ ಅದು ಹೇಳುತ್ತದೆ. ಪೊಟ್ಯಾಸಿಯಂ ಬೆರೆಸಿದ ಉಪ್ಪನ್ನು ಮಾತ್ರ ಕೇಳದೆ ತರಬೇಡ. ಕಿಡ್ನಿ ಸರಿಯಿಲ್ಲದಿದ್ದರೆ, ಕೆಲವು ಬಿಪಿ ಮಾತ್ರೆಗಳ ಜೊತೆಗೂ, ಅದು ಅಪಾಯ.

ನಿನ್ನ ದೊಡ್ಡಮ್ಮ ಈಗಲೂ ಉಪ್ಪು ಕಡಿಮೆಯೇ ತಿನ್ನುತ್ತಾಳೆ. ಇವತ್ತು ಒಗ್ಗಿದ ಉಪ್ಪು ವಯಸ್ಸಾದಂತೆ ಒಗ್ಗದೆ ಹೋಗಬಹುದು ಅಂತ ಅವಳಿಗೆ ಗೊತ್ತು. ಎರಡು ವಾರದ ಲೆಕ್ಕ ಬರೆದ ಚೀಟಿ ನನಗೂ ಒಂದು ಕಳಿಸು. ಅವಳೂ ನೋಡಬೇಕಂತೆ.

ನಿನ್ನ ದೊಡ್ಡಪ್ಪ