ಮೊದಲು ನೀರು ನಿಲ್ಲಿಸು ಪುಟ್ಟವ್ವಾ, ಡಕ್ಟ್ ಆಮೇಲೆ

ಚಿ. ಸೌ. ಪುಟ್ಟವ್ವನಿಗೆ ಸೋದರಮಾವನ ಆಶೀರ್ವಾದಗಳು.

ಇಲ್ಲಿ ಶಹಾಪುರದಲ್ಲಿ ನಾನು, ನಿನ್ನ ಮಾಮಿ ಇಬ್ಬರೂ ಆರಾಮ. ಭಾನುವಾರ ಟಿಳಕವಾಡಿಗೆ ಬಂದಾಗ ಏಣಿ ಹತ್ತಿ ಡಕ್ಟಿನ, ಅಂದರೆ ಎಸಿ ಗಾಳಿಯನ್ನು ಕೋಣೆಗೆ ಒಯ್ಯುವ ತಗಡಿನ ಕೊಳವೆಯ, ಗ್ರಿಲ್ ಬಿಚ್ಚಿ ನೋಡಿದೆನಲ್ಲ, ಆಗ ಬೀಗರು ಕೂತಿದ್ದರು, ಮನೆ ತುಂಬ ಜನ, ಮನೆ ಕೊಂಡ ಖುಷಿಯಲ್ಲಿ ನೀವಿಬ್ಬರೂ ಇದ್ದಿರಿ. ಹಾಗಾಗಿ "ನೋಡೋಣ ಬಿಡು" ಅಂದು ಇಳಿದುಬಿಟ್ಟೆ. ರಾತ್ರಿ ನಿದ್ದೆ ಬರಲಿಲ್ಲ. ಫೋನಿನಲ್ಲಿ ಹೇಳಿದರೆ ಕೂಸು ಅಳುತ್ತದೆ, ಅರ್ಧಕ್ಕೆ ಇಡುತ್ತೀ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಅಳಿಯಂದಿರಿಗೂ ಓದಿಸು.

ಮೊದಲ ಮಾತು, ಆ ಡಕ್ಟ್ ತೊಳೆಯುವ ಕಂಪನಿಯ ಹುಡುಗರಿಗೆ ಇನ್ನೂ ಅಡ್ವಾನ್ಸ್ ಕೊಡಬೇಡ. 18,000 ರೂಪಾಯಿಗೆ ಡಕ್ಟಿನೊಳಗೆ ಔಷಧದ ಹೊಗೆ ಬಿಟ್ಟು ಪೂರ್ತಿ ಸ್ಯಾನಿಟೈಸ್ ಮಾಡಿಕೊಡುತ್ತೇವೆ, ಎರಡೇ ತಾಸಿನ ಕೆಲಸ ಅಂದರಂತಲ್ಲ. ಅವರು ಗ್ರಿಲ್ ಬಿಚ್ಚಿ ಒಳಗೆ ನೋಡಿದ್ರಾ? ಇಲ್ಲ ಅಂತ ನೀನೇ ಹೇಳಿದೆ. ನಾಡಿ ಹಿಡಿಯದೆ ಗುಳಿಗೆ ಕೊಡುವವರ ಕೈಗೆ ಕೂಸಿರುವ ಮನೆ ಕೊಡಬಾರದು.

ನಾನು ಉದ್ಯಮಬಾಗದಲ್ಲಿ 31 ವರ್ಷ ಜಿಐ ಪತ್ರಾ, ಅಂದರೆ ಸತು ಲೇಪಿಸಿದ ತಗಡು ಕತ್ತರಿಸಿ, ಮಡಚಿ, ಡಕ್ಟ್ ಮಾಡಿದವನು. ಆಸ್ಪತ್ರೆ, ಕಲ್ಯಾಣ ಮಂಟಪ, ಬ್ಯಾಂಕು, ಎಲ್ಲಿಗೆಲ್ಲ ಹೊತ್ತುಕೊಂಡು ಹೋಗಿ ಕೂರಿಸಿದ್ದೇನೆ. ಮನೆಗೆ ಡಕ್ಟ್ ಹಾಕುವವರು ನಮ್ಮ ಊರಲ್ಲಿ ತೀರಾ ಕಡಿಮೆ. ನಿನ್ನ ಮನೆಯಲ್ಲಿ ಇರುವುದು ಕೆಳಗೆ ಮೊದಲು ದವಾಖಾನೆ ಇತ್ತು ಅಂತ. ಅದನ್ನು ಮುಚ್ಚಿದ ಮೇಲೆ ಎಷ್ಟೋ ವರ್ಷ ಯಾರೂ ಆ ಎಸಿ ಮಷಿನ್ ಮುಟ್ಟಿಲ್ಲ. ಈಗ ನೀವು ಬಂದು ಸ್ವಿಚ್ ಹಾಕಿದಿರಿ.

ಗ್ರಿಲ್ ಮೇಲಿನ ಕಪ್ಪು ಧೂಳು ನೋಡಿ ನೀನು ಹೆದರಿದ್ದೆ. ಅದು ದೊಡ್ಡದಲ್ಲ. ಗಾಳಿ ಅಲ್ಲಿ ಸುಳಿಯುವುದರಿಂದ ಕೋಣೆಯ ಧೂಳೇ ಬಂದು ಅಂಟುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಯಿತು. ನನಗೆ ಭಯ ಆದದ್ದು ಒಳಗಿನದು ನೋಡಿ. ಮೊಬೈಲಿನ ಟಾರ್ಚ್ ಹಾಕಿ ಕೈ ಉದ್ದಕ್ಕೆ ಚಾಚಿದೆ. ಮೊದಲ ಎರಡು ಅಡಿ ಒಣ ಧೂಳು, ಹಲ್ಲಿ ಮೊಟ್ಟೆಯ ಎರಡು ಸಿಪ್ಪೆ. ಅದರಾಚೆ, ಮಷಿನ್ ಕಡೆಗೆ, ಒಳಗೆ ಅಂಟಿಸಿದ ಗಾಜಿನ ಉಣ್ಣೆಯ ಪದರ ಜೋತುಬಿದ್ದಿತ್ತು. ಬೆರಳಿಂದ ಒತ್ತಿದೆ. ನೆನೆದ ಗಾದಿ ಒತ್ತಿದ ಹಾಗೆ ಒಳಗೆ ಹೋಯಿತು, ಬೆರಳ ತುದಿಗೆ ನೀರು ಬಂತು. ಮೇಲೆಲ್ಲ ಕರಿ ಚುಕ್ಕೆ, ಸಾಸಿವೆ ಚೆಲ್ಲಿದ ಹಾಗೆ, ಒಂದರ ಮಗ್ಗುಲಿಗೆ ಒಂದು. ಮಳೆಗಾಲದಲ್ಲಿ ಮೂಲೆಯಲ್ಲಿ ಮರೆತ ಗೋಣಿಚೀಲದ ವಾಸನೆ. ಅದು ಬೂಸ್ಟು, ಪುಟ್ಟವ್ವಾ. ಎಸಿ ಹಾಕಿದಾಗಲೆಲ್ಲ ಅದರ ಮೇಲೆ ಹಾದ ಗಾಳಿಯೇ ತೊಟ್ಟಿಲ ಮೇಲೆ ಬೀಳುತ್ತಿದೆ.

ಬೂಸ್ಟಿಗೆ ತಿನ್ನಲು ಧೂಳು ಬೇಕು, ಕುಡಿಯಲು ನೀರು ಬೇಕು. ಧೂಳು ಇಲ್ಲದ ಮನೆ ಎಲ್ಲಿದೆ? ನಿಲ್ಲಿಸಬಹುದಾದದ್ದು ನೀರು ಒಂದೇ. ಒದ್ದೆಯಾದದ್ದು 24ರಿಂದ 48 ತಾಸಿನೊಳಗೆ ಒಣಗಿಬಿಟ್ಟರೆ ಬೂಸ್ಟು ಸಾಮಾನ್ಯವಾಗಿ ಹಿಡಿಯುವುದಿಲ್ಲ. ಒಣಗದಿದ್ದರೆ ನೀನು ಎಂಥ ಔಷಧದ ಹೊಗೆ ಬಿಟ್ಟರೂ ಮೇಲಿನದು ಸಾಯುತ್ತದೆ, ಒಳಗಿನ ನೀರು ಅಲ್ಲೇ ಇರುತ್ತದೆ, ತಿರುಗಿ ಬರುತ್ತದೆ. ಸತ್ತ ಬೂಸ್ಟು ಕೂಡ ಅಲ್ಲೇ ಉಳಿದರೆ ಅಲರ್ಜಿ ಇರುವವರಿಗೆ ತೊಂದರೆಯೇ. ಅದರ ಜೊತೆಗೆ ಆ ಔಷಧವನ್ನೂ ಕೂಸು ಉಸಿರಾಡಬೇಕು. ಡಕ್ಟಿನ ಮನೆಗಳು ಜಾಸ್ತಿ ಇರುವ ಅಮೆರಿಕದಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಜನರಿಗೆ ಇದನ್ನೇ ಹೇಳುತ್ತದೆ. ಸುಮ್ನೆ ವರ್ಷಕ್ಕೊಮ್ಮೆ ಡಕ್ಟ್ ತೊಳೆಸುವುದು ಬೇಕಿಲ್ಲ. ಬೂಸ್ಟು ಕಣ್ಣಿಗೆ ಕಂಡರೆ, ಇಲಿ-ಹುಳ ಸೇರಿದ್ದರೆ, ಧೂಳು ಕಟ್ಟಿ ಗಾಳಿ ಹೋಗದಂತಾದರೆ ಮಾತ್ರ ಮಾಡಿಸಿ. ಗಾಜಿನ ಉಣ್ಣೆ ನೆನೆದು ಬೂಸ್ಟು ಹಿಡಿದರೆ ಅದನ್ನು ತೊಳೆಯಲು ಹೋಗಬೇಡಿ, ಕಿತ್ತು ಹಾಕಿ. ನನ್ನ ಅನುಭವವೂ ಅದೇ. ತಗಡನ್ನು ತೊಳೆಯಬಹುದು, ಉಣ್ಣೆಯನ್ನಲ್ಲ.

ಹಾಗಾದರೆ ನೀರು ಎಲ್ಲಿಂದ ಬಂತು? ಎಸಿ ಗಾಳಿಯನ್ನು ತಣ್ಣಗೆ ಮಾಡುವಾಗ ಅದರೊಳಗಿನ ತಣ್ಣನೆ ಕೊಳವೆಯ ಸುರುಳಿ, ಅಂದರೆ ಕಾಯಿಲ್ ಮೇಲೆ ನೀರು ಕೂಡುತ್ತದೆ, ಬೇಸಿಗೆಯಲ್ಲಿ ತಣ್ಣೀರಿನ ತಂಬಿಗೆ ಬೆವರುತ್ತದಲ್ಲ, ಹಾಗೆ. ಆ ನೀರು ಕೆಳಗಿನ ತಟ್ಟೆಗೆ ಬಿದ್ದು ಪೈಪಿನಿಂದ ಹೊರಗೆ ಹೋಗಬೇಕು. ನಿನ್ನ ಮನೆಯ ಆ ತಟ್ಟೆಯಲ್ಲಿ ಎರಡು ಬೆರಳು ನೀರು ನಿಂತಿತ್ತು, ಮೇಲೆ ಲೋಳೆ. ಪೈಪ್ ಕಟ್ಟಿಕೊಂಡಿದೆ, ಇಲ್ಲವೇ ಇಳಿಜಾರು ತಪ್ಪಿದೆ. ನಮ್ಮ ಬೆಳಗಾವಿಯಲ್ಲಂತೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ನೀರು. ಹಪ್ಪಳ ಮೆತ್ತಗಾಗುತ್ತವೆ, ಚಪ್ಪಲಿಗೆ ಬಿಳಿ ಹಿಡಿಯುತ್ತದೆ. ವಿಜಯಪುರದ ನಿನ್ನ ದೊಡ್ಡಪ್ಪನ ಮನೆಯಲ್ಲಿ ಹತ್ತು ವರ್ಷ ಏನೂ ಆಗದ ಗೋಡೆ ಇಲ್ಲಿ ಒಂದೇ ಮಳೆಗಾಲಕ್ಕೆ ಕರಗುತ್ತದೆ.

ಗೋಡೆ ಅಂದೆ ನೋಡು, ಅದನ್ನು ಹೇಳಲೇಬೇಕು. ಕೂಸಿನ ಕೋಣೆಯ ಉತ್ತರದ ಗೋಡೆ ಕೆಳಗೆ ಮೊಣಕಾಲೆತ್ತರಕ್ಕೆ ಪೇಂಟ್ ಉಬ್ಬಿದೆ. ಹೊಸ ಪೇಂಟ್ ಹಚ್ಚಿಸುತ್ತೇವೆ ಅಂದಿರಿ. ನಾನೂ ಅದನ್ನೇ ಮಾಡಿದ್ದೆ, ಪುಟ್ಟವ್ವಾ. ನಿನ್ನ ಮಾಮಿಗೆ ದಮ್ಮು ಶುರುವಾದ ವರ್ಷ ನಮ್ಮ ಮಲಗುವ ಕೋಣೆಗೆ ಮೂರು ದೀಪಾವಳಿ ಸಾಲಾಗಿ ಪೇಂಟ್ ಹೊಡೆಸಿದೆ. ಗೋಡೆ ಮುಂದೆ ಬೆಳ್ಳಗೆ ಹೊಳೆಯುತ್ತಿತ್ತು. ಅವಳು ಮಾತ್ರ ರಾತ್ರಿ ಎರಡು ಗಂಟೆಗೆ ಎದ್ದು ಕೂತು ದಿಂಬು ಅಪ್ಪಿಕೊಂಡು ಉಸಿರೆಳೆಯುತ್ತಿದ್ದಳು. ನಾನು ಊರ ಡಕ್ಟುಗಳನ್ನೆಲ್ಲ ತಿಳಿದವನು, ನನ್ನ ಮನೆಯ ಕಪಾಟು ಒಮ್ಮೆಯೂ ಸರಿಸಿ ನೋಡಲಿಲ್ಲ. ನಾಲ್ಕನೇ ವರ್ಷ ಅವಳ ಇಳಕಲ್ ಸೀರೆ ತೆಗೆದಾಗ ಮಡಿಕೆಯ ಗುಂಟ ಕರಿ ಗೆರೆ ಬಿದ್ದಿತ್ತು. ಕಪಾಟು ಸರಿಸಿದೆ. ಹಿಂದಿನ ಗೋಡೆ ಅಷ್ಟಕ್ಕಷ್ಟೂ ಕಪ್ಪು. ಹೊರಗೆ ಹೋಗಿ ನೋಡಿದರೆ ಹಂಚಿನ ನೀರು ಇಳಿಯುವ ಪೈಪ್ ಮಧ್ಯಕ್ಕೆ ಒಡೆದು, ಪ್ರತಿ ಮಳೆಯಲ್ಲೂ ನೀರು ಗೋಡೆಯ ಬುಡಕ್ಕೇ ಸುರಿಯುತ್ತಿತ್ತು. ಪೈಪಿಗೆ ಹೋದದ್ದು ಕೆಲವೇ ನೂರು ರೂಪಾಯಿ. ಮಾಮಿ ಇನ್ನೂ ದಮ್ಮಿನ ಔಷಧ ಎಳೆದುಕೊಳ್ಳುವ ಪಂಪ್ ಬಿಟ್ಟಿಲ್ಲ, ಬಿಡುವುದೂ ಇಲ್ಲ, ಆದರೆ ರಾತ್ರಿ ಎದ್ದು ಕೂರುವುದು ಕಡಿಮೆಯಾಯಿತು. ಆ ಮೂರು ವರ್ಷ ನನ್ನಿಂದ ಆಯಿತಲ್ಲ ಅಂತ ಈಗಲೂ ಸಂಕಟ ಆಗುತ್ತದೆ. ನಿನ್ನ ಮನೆಯಲ್ಲಿ ಹಾಗಾಗುವುದು ಬೇಡ.

ನೀನೇ ಒಂದು ಪರೀಕ್ಷೆ ಮಾಡಬಹುದು. ರೊಟ್ಟಿ ಕಟ್ಟುವ ಫಾಯಿಲ್ ಒಂದು ಗೇಣಗಲ ಕತ್ತರಿಸಿ, ಉಬ್ಬಿದ ಜಾಗದ ಮಗ್ಗುಲಿಗೆ ಗೋಡೆಗೆ ಹಚ್ಚಿ, ನಾಲ್ಕೂ ಅಂಚಿಗೆ ಟೇಪ್ ಒತ್ತು. ಎರಡು ದಿನ ಬಿಡು. ಹೊರಮೈ ಒದ್ದೆಯಾದರೆ ಕೋಣೆಯ ಗಾಳಿಯಲ್ಲಿ ತೇವ ಜಾಸ್ತಿ. ಗೋಡೆ ಕಡೆಯ ಮೈ ಒದ್ದೆಯಾದರೆ ಗೋಡೆಯೊಳಗೇ ನೀರಿದೆ. ಹಳೇ ಮನೆಗಳು ಸುಣ್ಣದ ಗಾರೆಯವು, ಕುಡಿದ ನೀರನ್ನು ಬಿಸಿಲು ಬಂದಾಗ ಹೊರಗೆ ಬಿಡುತ್ತಿದ್ದವು. ಅದರ ಮೇಲೆ ಸಿಮೆಂಟ್ ಗಿಲಾವು ಮಾಡಿ ಪ್ಲಾಸ್ಟಿಕ್ ಪೇಂಟ್ ಹೊಡೆದರೆ ಉಸಿರು ಕಟ್ಟಿಸಿದ ಹಾಗೆ. ನೀರು ಒಳಗೇ ಏರುತ್ತದೆ. ಅಲ್ಲಿ ಸಿಮೆಂಟ್ ಕೆರೆದು ಸುಣ್ಣದ್ದೇ ಮಾಡಿಸು. ಕೆರೆಯುವಾಗ ಮಾತ್ರ ಕೂಸನ್ನು ನಮ್ಮ ಮನೆಗೆ ಕಳಿಸು, ಗೋಡೆಗೆ ನೀರು ಚಿಮುಕಿಸಿ ಕೆರೆಸು. ಹಳೇ ಪೇಂಟಿನಲ್ಲಿ ಸೀಸ ಇರಬಹುದು. ಮನೆಗೆ ಹಚ್ಚುವ ಪೇಂಟಿನಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು, ಮೀರಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಬಂದದ್ದೇ 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಆ ಧೂಳು ಎಳೆ ಮಕ್ಕಳ ಮೆದುಳಿಗೆ ಕೇಡು.

ಇನ್ನು ಡಕ್ಟ್. ನನ್ನ ಕೇಳಿದರೆ ಈ ಮಳೆಗಾಲ ಅದನ್ನು ಬಂದ್ ಇಡು, ಕೂಸಿನ ಕೋಣೆಗೆ ಬೇಕೆಂದರೆ ಒಂದು ಸಣ್ಣ ಸ್ಪ್ಲಿಟ್ ಎಸಿ ಸಾಕು. ಅದರ ಜಾಲರಿ ಎರಡು ವಾರಕ್ಕೊಮ್ಮೆ ತೊಳೆದು ನೆರಳಲ್ಲಿ ಒಣಗಿಸು. ಇಲ್ಲ, ಡಕ್ಟೇ ಇರಲಿ ಅಂತ ಅಳಿಯಂದಿರು ಅಂದರೆ ಕೆಲಸ ಹೀಗಾಗಬೇಕು. ಮೊದಲು ತಟ್ಟೆ, ಪೈಪ್ ಸರಿಯಾಗಬೇಕು. ಆಮೇಲೆ ನೆನೆದ ಉಣ್ಣೆ ಪೂರ್ತಿ ಕಿತ್ತು ಚೀಲಕ್ಕೆ ತುಂಬಿ ಹೊರಗೆ ಒಯ್ಯಬೇಕು, ಮನೆಯೊಳಗೆ ಜಾಡಿಸಬಾರದು. ಒಂದು ತುದಿಗೆ ದೊಡ್ಡ ವ್ಯಾಕ್ಯೂಮ್ ಕಟ್ಟಿ, ಉಳಿದ ಬಾಯಿಗಳನ್ನು ಮುಚ್ಚಿ, ಒಳಗೆ ಬ್ರಷ್ ತಿರುಗಿಸಿ ಎಬ್ಬಿಸಿದ ಧೂಳನ್ನೆಲ್ಲ ಎಳೆದುಕೊಳ್ಳಬೇಕು. ಆ ವ್ಯಾಕ್ಯೂಮಿನ ಗಾಳಿ ಬೀದಿಗೆ ಹೋಗಬೇಕು, ಇಲ್ಲವೇ ಹೆಪಾ ಫಿಲ್ಟರ್ ದಾಟಬೇಕು. ಹೆಪಾ ಅಂದರೆ 0.3 ಮೈಕ್ರಾನ್‌ನ ಕಣವನ್ನೂ ನೂರಕ್ಕೆ 99.97ರಷ್ಟು ಹಿಡಿಯುವಂಥದ್ದು. ಕಾಯಿಲ್ ಮತ್ತು ಗಾಳಿ ಊದುವ ಫ್ಯಾನು, ಅಂದರೆ ಬ್ಲೋವರ್ ತೊಳೆಯದೆ ಬರೀ ಡಕ್ಟ್ ತೊಳೆದರೆ ಮೈ ತೊಳೆದು ಕೊಳೆ ಅಂಗಿ ಹಾಕಿಕೊಂಡ ಹಾಗೆ. ಇದೆಲ್ಲ ಎರಡು ತಾಸಿನಲ್ಲಿ ಆಗುವುದಿಲ್ಲ, ಒಂದು ದಿನ ಹಿಡಿಯುತ್ತದೆ.

ನಿಮ್ಮ ಫಾಲ್ಸ್ ಸೀಲಿಂಗ್ ಮೇಲೆ ಹಂಚಿನ ಕೆಳಗೆ ಪಾರಿವಾಳ ಇವೆ. ನಿನಗೆ ಗೊತ್ತಿತ್ತಾ? ಗೂಡೇ ಇದೆ, ಹಿಕ್ಕೆ ಒಂದು ಇಂಚು ದಪ್ಪ. ಕೋಣೆಯ ಗಾಳಿಯನ್ನು ವಾಪಸ್ ಎಳೆಯುವ ಡಕ್ಟಿನ ಜೋಡಣೆ ಅಲ್ಲಿಯೇ ಎರಡು ಕಡೆ ಬಿಟ್ಟಿದೆ. ಎಳೆಯುವ ಕಡೆ ಬಿರುಕು ಬಿಟ್ಟರೆ ಡಕ್ಟ್ ಅಲ್ಲಿನ ಧೂಳನ್ನೇ ಹೀರಿ ಕೆಳಗೆ ಊದುತ್ತದೆ. ಆ ಹಿಕ್ಕೆಯನ್ನು ಒಣಗಿದ್ದಾಗ ಕಸಬರಿಗೆಯಿಂದ ಗುಡಿಸಲು ಯಾರನ್ನೂ ಬಿಡಬೇಡ, ಅದರ ಪುಡಿ ಪುಪ್ಪುಸಕ್ಕೆ ಹೋದರೆ ದೊಡ್ಡ ರೋಗ. ನೀರು ಸಿಂಪಡಿಸಿ, ಎನ್-95 ಮಾಸ್ಕ್ ಹಾಕಿಸಿ, ಬಾಚಿ ಚೀಲಕ್ಕೆ ತುಂಬಿಸು. ಹಂಚಿನ ಸಂದಿಗೆ ಜಾಲರಿ ಬಡಿಸು. ಜೋಡಣೆಗೆ ಬಟ್ಟೆಯ ಟೇಪ್ ಬೇಡ. ಡಕ್ಟ್ ಟೇಪ್ ಅಂತ ಹೆಸರಿದ್ದರೂ ಡಕ್ಟಿಗೆ ಅದು ನಿಲ್ಲುವುದಿಲ್ಲ, ಬಿಸಿಗೆ ಒಣಗಿ ಬಿಚ್ಚಿಕೊಳ್ಳುವುದನ್ನು ನೂರು ಕಡೆ ನೋಡಿದ್ದೇನೆ. ಸಂದಿ ಮುಚ್ಚುವ ಅಂಟು ಲೇಪ, ಮಾಸ್ಟಿಕ್ ಮೆತ್ತಿಸು, ಇಲ್ಲವೇ ಅಲ್ಯುಮಿನಿಯಂ ಟೇಪ್.

ಇಷ್ಟೆಲ್ಲ ಮಾಡಿದರೂ ಡಕ್ಟ್ ಹೊಸ ಗಾಳಿ ತರುವುದಿಲ್ಲ. ನಿಮ್ಮದು ಒಳಗಿನದನ್ನೇ ಸುತ್ತಿಸುವ ಮಷಿನ್. ಆ ಮನೆಗೆ ಮೊದಲಿನಿಂದ ಬೆಳಕಿಂಡಿ ಇದ್ದವು, ದವಾಖಾನೆಯವರು ಪ್ಲೈವುಡ್ ಬಡಿದು ಮುಚ್ಚಿದ್ದಾರೆ. ಅದನ್ನು ಕೀಳಿಸು. ಬಿಸಿ ಗಾಳಿ ಮೇಲಿಂದ ಹೋಗುತ್ತದೆ, ಕೆಳಗಿನ ಕಿಟಕಿಯಿಂದ ತಂಪು ಬರುತ್ತದೆ. ಮಳೆಗಾಲದಲ್ಲಿ ಇಡೀ ದಿನ ತೆರೆದಿಡಬೇಡ, ಹೊಳವಾದಾಗ ಅರ್ಧ ತಾಸು ಎದುರು-ಬದುರು ಕಿಟಕಿ ತೆರೆ. ತೇವ ಅಳೆಯುವ ಸಣ್ಣ ಮೀಟರ್ ಸಿಗುತ್ತದೆ, ಒಂದು ತಗೋ. ತೇವ ನೂರಕ್ಕೆ 60ರ ಕೆಳಗೆ ಇರಲಿ. ಕೂಸಿನ ಬಟ್ಟೆ ಆ ಕೋಣೆಯಲ್ಲಿ ಒಣಹಾಕುತ್ತೀಯಲ್ಲ, ಆ ನೀರೆಲ್ಲ ಗೋಡೆಗೇ ಹೋಗುತ್ತದೆ.

ಸೊಳ್ಳೆ ಬತ್ತಿ ಬೇಡವೇ ಬೇಡ. ಒಂದು ಬತ್ತಿ ಉರಿದರೆ ಹೊರಬರುವ ಸಣ್ಣ ಕಣಗಳು 75ರಿಂದ 137 ಸಿಗರೇಟಿಗೆ ಸಮ ಅಂತ 2003ರಲ್ಲೇ ಅಳೆದು ಹೇಳಿದ್ದಾರೆ. ಪರದೆ ಕಟ್ಟು. ದೇವರ ಕೋಣೆಯ ಧೂಪಕ್ಕೆ ಬೀಗರ ಹತ್ತಿರ ನಾನೇ ಮಾತಾಡುತ್ತೇನೆ, ನೀನು ಹೇಳಿ ನಿಷ್ಠುರ ಆಗಬೇಡ.

ಬಚ್ಚಲಿನ ಗ್ಯಾಸ್ ಗೀಸರ್ ಮಾತ್ರ ಇವತ್ತೇ ಬಂದ್ ಮಾಡು. ಇದು ಸಲಹೆ ಅಲ್ಲ, ಹಟ ಅಂತಲೇ ತಿಳಿ. ಅಷ್ಟು ಸಣ್ಣ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಗ್ಯಾಸ್ ಉರಿಸಿದರೆ ಕಾರ್ಬನ್ ಮೋನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ತಲೆ ತಿರುಗು ಅಂತ ಗೊತ್ತಾಗುವ ಹೊತ್ತಿಗೆ ಕಾಲು ಏಳುವುದಿಲ್ಲ. ಕೂಸಿಗೆ ಎರೆಯುವಾಗ ನೀನೂ ಒಳಗೇ ಇರುತ್ತೀ. ಗೀಸರ್ ಹೊರಗೋಡೆಗೆ ಹಾಕಿಸಿ ಬಿಸಿನೀರಿನ ಪೈಪ್ ಮಾತ್ರ ಒಳಗೆ ತರಿಸು, ಅಲ್ಲಿಯವರೆಗೆ ಒಲೆ ಮೇಲೆ ಕಾಸಿಕೋ. ಬಚ್ಚಲು ತೊಳೆಯುವಾಗ ಬ್ಲೀಚಿಂಗ್ ಪೌಡರ್ ಮತ್ತು ಆ್ಯಸಿಡ್ ಕೂಡಿಸಬೇಡ, ಕ್ಲೋರಿನ್ ಗಾಳಿ ಏಳುತ್ತದೆ.

ಕೂಸಿನ ಕೆಮ್ಮಿಗೆ ಡಾಕ್ಟರ್ ಕೊಟ್ಟ ಔಷಧ ನಿಲ್ಲಿಸಬೇಡ. ಮನೆಯ ಬೂಸ್ಟಿನ ವಿಷಯ ಅವರಿಗೂ ಹೇಳು, ಅವರಿಗೆ ಗೊತ್ತಿರಬೇಕು. ಇವತ್ತು ರಾತ್ರಿಯಿಂದಲೇ ತೊಟ್ಟಿಲು ಪಡಸಾಲೆಗೆ ಬರಲಿ.

ಗುರುವಾರ ಬೆಳಿಗ್ಗೆ ಏಣಿ, ಕತ್ತರಿ ತಗೊಂಡು ನಾನೇ ಬರುತ್ತೇನೆ. ಅದಕ್ಕೂ ಮುಂಚೆ ಒಂದು ಕೆಲಸ ಮಾಡಿಸು. ಅಳಿಯಂದಿರಿಗೆ ಮಷಿನಿನ ಮೇನ್ ಸ್ವಿಚ್ ಆರಿಸಿ, ಆ ತಟ್ಟೆಯಲ್ಲಿ ನಿಂತ ನೀರು ಬಳಿದು, ಒಂದು ತಂಬಿಗೆ ಚೊಕ್ಕ ನೀರು ಹಾಕಲು ಹೇಳು. ನೀನು ಹಿತ್ತಲಲ್ಲಿ ಪೈಪಿನ ಬಾಯಿಗೆ ಒಂದು ಡಬ್ಬಿ ಹಿಡಿದು ನಿಲ್ಲು. ಎಷ್ಟು ನೀರು ಬಂತು, ಎಷ್ಟು ಹೊತ್ತಿಗೆ ಬಂತು ಅಂತ ನೋಡಿ ಫೋನ್ ಮಾಡು. ಮಾಮಿ ಕೂಸಿಗೆ ದುಪಟಿ ಹೊಲಿದಿದ್ದಾಳೆ, ಅದನ್ನೂ ತರುತ್ತೇನೆ.

ನಿನ್ನ ಮಾವ