ಹೊಂದಾಣಿಕೆ ಒಬ್ಬರ ಪಾಲಿಗೇ ಏಕೆ?

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ದಾಂಪತ್ಯದಲ್ಲಿ ಬಿರುಕು ಕಾಣಿಸಿಕೊಂಡಾಗ ಹಿರಿಯರು ಹೆಣ್ಣುಮಗಳಿಗೆ ಹೇಳುವ ಮೊದಲ ಮಾತು ‘ಸ್ವಲ್ಪ ಹೊಂದಿಕೊಂಡು ಹೋಗಮ್ಮ’ ಎಂಬುದು. ಅಳಿಯನ ಕಡೆ ತಿರುಗಿ ‘ಅವಳಿಗೇನಾಗಿದೆ ಎಂದು ಒಮ್ಮೆಯಾದರೂ ಕೇಳಿದಿರಾ?’ ಎನ್ನುವವರು ವಿರಳ. ಒಬ್ಬರು ನುಂಗಿಕೊಂಡು ಇನ್ನೊಬ್ಬರು ನಿಶ್ಚಿಂತರಾಗಿರುವುದನ್ನೇ ನಾವು ಹೊಂದಾಣಿಕೆ ಎಂದುಕೊಂಡಿದ್ದೇವೆ. ಅದರಲ್ಲಿ ಸಹಾನುಭೂತಿ ಎಳ್ಳಷ್ಟೂ ಇಲ್ಲ.

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷಗಳನ್ನೂ ಪುರುಷರು 88 ನಿಮಿಷಗಳನ್ನೂ ಅದಕ್ಕೆ ಕೊಡುತ್ತಾರೆ. ನಾಳಿನ ದೋಸೆಗೆ ಅಕ್ಕಿ, ಉದ್ದು ನೆನೆಹಾಕಬೇಕು, ಗ್ಯಾಸ್ ಬುಕ್ ಮಾಡಬೇಕು, ಅತ್ತೆಯವರ ಬಿ.ಪಿ. ಮಾತ್ರೆ ಮುಗಿಯುತ್ತ ಬಂದಿದೆ ಎಂಬುದನ್ನೆಲ್ಲ ಕಚೇರಿಯಲ್ಲಿ ಕುಳಿತಾಗಲೂ ತಲೆಯಲ್ಲಿ ಹೊತ್ತಿರುವುದು ಯಾವ ನಿಮಿಷದ ಲೆಕ್ಕಕ್ಕೂ ಸಿಗುವುದಿಲ್ಲ. ‘ಹೇಳಿದ್ದರೆ ನಾನೇ ಮಾಡುತ್ತಿದ್ದೆನಲ್ಲ’ ಎನ್ನುವ ಗಂಡನ ಮಾತಿನಲ್ಲಿ ಕಪಟವಿರುವುದಿಲ್ಲ ನಿಜ, ಆದರೆ ನೆನಪಿಟ್ಟುಕೊಂಡು ಹೇಳುವ ಕೆಲಸವೂ ಹೆಂಡತಿಯ ತಲೆಗೇ ಬಂತೆಂಬುದು ಅವನಿಗೆ ಹೊಳೆಯುವುದಿಲ್ಲ. ವಾರಕ್ಕೆರಡು ದಿನವಾದರೂ ತಿಂಡಿಯಿಂದ ಪಾತ್ರೆಯವರೆಗೆ ಅಡುಗೆಮನೆಯನ್ನು ಪೂರ್ತಿ ವಹಿಸಿಕೊಂಡವನಿಗೆ ಆ ದಣಿವನ್ನು ಯಾರೂ ವಿವರಿಸಬೇಕಾಗಿಲ್ಲ.

ಗಂಡಸರ ಕಷ್ಟವೂ ಸಣ್ಣದಲ್ಲ. ಕೆಲಸ ಹೋಗುವ ಭಯವನ್ನೋ ಕಟ್ಟಲಾಗದ ಸಾಲದ ಕಂತನ್ನೋ ಮನೆಯಲ್ಲಿ ಬಾಯಿಬಿಡದೆ, ಅದನ್ನು ಸಿಡುಕಿನಲ್ಲಿ ತೋರಿಸುವವರು ಎಷ್ಟೋ ಮಂದಿ. 2012ರಲ್ಲಿ ಅಮೆರಿಕದ ಸಂಶೋಧಕರು 156 ಜೋಡಿಗಳ ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ, ಸಂಗಾತಿಯ ಮನಸ್ಸನ್ನು ಸರಿಯಾಗಿ ಊಹಿಸುವುದಕ್ಕಿಂತ, ತನ್ನನ್ನು ಅರಿಯಲು ಸಂಗಾತಿ ಪ್ರಯತ್ನಿಸುತ್ತಿದ್ದಾರೆ ಎಂಬ ಭಾವನೆಯೇ ಸಂಬಂಧದ ತೃಪ್ತಿಗೆ ಹೆಚ್ಚು ಹತ್ತಿರವಾಗಿ ಕಂಡಿತು. ಇದು ನನಗೆ ದೊಡ್ಡ ನೆಮ್ಮದಿಯ ಸಂಗತಿ. ಮನಸ್ಸನ್ನು ಓದುವ ವಿದ್ಯೆ ಯಾರಿಗೂ ಬೇಕಿಲ್ಲ, ಮೊಬೈಲ್ ಕೆಳಗಿಟ್ಟು ‘ಏನಾಯಿತು?’ ಎಂದು ಕೇಳಿ ಉತ್ತರಕ್ಕೆ ಕಾಯುವಷ್ಟು ವ್ಯವಧಾನವಿದ್ದರೆ ಸಾಕು. (ಹೊಡೆತ, ಬಡಿತವಿರುವ ಮನೆಯ ಮಾತು ಬೇರೆ, ಅಲ್ಲಿ ಬೇಕಾದದ್ದು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ರಕ್ಷಣೆ, ಉಪದೇಶವಲ್ಲ.)

1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯು ಮೊದಲು ರಾಜಿಗೆ ಯತ್ನಿಸಬೇಕೆಂದು ನ್ಯಾಯಾಲಯಕ್ಕೆ ವಿಧಿಸಿದೆಯಾದರೂ, ಅಲ್ಲಿಗೆ ಬರುವ ಹೊತ್ತಿಗೆ ಇಬ್ಬರ ನೋವೂ ಅರ್ಜಿ, ತಕರಾರುಗಳ ರೂಪ ತಾಳಿರುತ್ತದೆ. ಆದ್ದರಿಂದ ಮುಜರಾಯಿ ಇಲಾಖೆ ನಡೆಸುವಂಥ ಸಾಮೂಹಿಕ ವಿವಾಹಗಳ ಸಂಘಟಕರು, ತಾಳಿ, ಸೀರೆಗಳ ಏರ್ಪಾಟಿನ ಜೊತೆಗೆ, ಮದುವೆಗೆ ಮುನ್ನ ಅರ್ಧ ದಿನವನ್ನು ಆಪ್ತ ಸಮಾಲೋಚನೆಗೆ ಮೀಸಲಿಡಬೇಕು. ಮನೆಗೆಲಸ, ಹಣದ ವ್ಯವಹಾರ, ಎರಡೂ ಕಡೆಯ ತಂದೆತಾಯಿಯರ ಆರೈಕೆ, ಇವುಗಳ ಬಗ್ಗೆ ವಧೂವರರು ಎದುರುಬದುರು ಕುಳಿತು ಮಾತನಾಡಲಿ. ಊಟದ ಖರ್ಚಿನ ಮುಂದೆ ಇದರ ಖರ್ಚು ಲೆಕ್ಕಕ್ಕೇ ಬಾರದು.

ಇತಿ,
ನಿವೃತ್ತ ಶಿಕ್ಷಕಿ, ಶಿವಮೊಗ್ಗ